ಅಷ್ಟಗ್ರಹದ ರಾತ್ರಿಯ ಕಿಟಕಿ

ರಾತ್ರಿ ಕೇಳಿದ್ದ ಆ ಸಣ್ಣ ಸದ್ದು ಈ ಚಿಲಕದ್ದೇ. ಜನ ಬರುವ ಮೊದಲು ಪಾರ್ವತವ್ವ ಅದನ್ನು ಸರಿಸಿ ಕಿಟಕಿಯ ಎರಡೂ ಕದ ತೆರೆದಳು. ಆಮೇಲೆ ತೀರಿಕೊಂಡ ಗಂಡನ ಕಣ್ಣು ಮುಚ್ಚಿದಳು.

ಬೆಳಕು ಹರಿದಾಗ ಪರಮೇಶ್ವರಪ್ಪನವರನ್ನು ಅದೇ ಕಿಟಕಿಯ ಕೆಳಗೆ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ೧೯೬೨ರ ಫೆಬ್ರುವರಿ. ಶಿರಸಿ ಪೇಟೆಯಲ್ಲಿ ಅಷ್ಟಗ್ರಹ ಶಾಂತಿಯ ಹೋಮ ಇನ್ನೂ ಮುಗಿದಿರಲಿಲ್ಲ. ಹೊಗೆ ಒಳಗೆ ಬರುತ್ತಿತ್ತು.

“ಎಂಟು ಗ್ರಹ ಒಂದ ರಾಶಿಗೆ ಬಂದಾವು ಅಂತ ಊರೆಲ್ಲಾ ಅಂಜಿ ಕುಂತಿತ್ತು. ನಮ್ಮಣ್ಣ ಒಬ್ಬಾಂವ ನಕ್ಕ,” ಎಂದಳು ಸತ್ತವರ ತಂಗಿ ಗಿರಿಜವ್ವ. “ನಗೋರನ್ನ ಅವು ಬಿಡ್ತಾವೇನು?”

“ಇಡೀ ಜಗತ್ತಿನ್ಯಾಗ ಎಂಟೂ ಗ್ರಹಕ್ಕ ಇವರೊಬ್ಬರ ಸಿಕ್ಕರೇನ್ರಿ, ಗಿರಿಜವ್ವಾರ?” ಎಂದ ಶಿಷ್ಯ ಚನ್ನಯ್ಯ. ಸುದ್ದಿ ತಿಳಿದು ಯಲ್ಲಾಪುರದಿಂದ ಸಿಕ್ಕ ಲಾರಿ ಹತ್ತಿ ಮಧ್ಯಾಹ್ನದ ಹೊತ್ತಿಗೆ ಬಂದಿದ್ದ.

ಬಾಗಿಲಲ್ಲಿ ಯಾರೋ ನಕ್ಕು, ಕೆಮ್ಮಿದರು.

* * *

ವಿಶ್ವವಿದ್ಯಾಲಯದ ಕುಲಪತಿ ಹುದ್ದೆ ಮುಗಿಸಿ ಊರಿಗೆ ಬಂದ ಮೇಲೂ ಪರಮೇಶ್ವರಪ್ಪನವರು ಖಗೋಳದ ಪುಸ್ತಕ ಬರೆಯುವುದನ್ನು ಬಿಟ್ಟಿರಲಿಲ್ಲ. ನಕ್ಷತ್ರ ಕಾಣಲೆಂದು ತಲೆದೆಸೆಯ ಕಿಟಕಿ ಮಳೆಗಾಲದಲ್ಲೂ ತೆರೆದಿರಬೇಕು. ಈ ಸಲ ಜನರ ಗ್ರಹಭಯ ಬಿಡಿಸಲು ಎದೆನೋವು ಇಟ್ಟುಕೊಂಡೇ ಸಿದ್ದಾಪುರ, ಯಲ್ಲಾಪುರ ಸುತ್ತಿದರು. ಮೇಜಿನ ಮೇಲೆ ಎಂಟು ನಿಂಬೆಹಣ್ಣು ಇಟ್ಟು, “ಸಾಲಾಗಿ ನಿಂತ್ರ ಇವೇನು ಬಾಂಬ್ ಆಗತಾವೇನ್ರಿ?” ಎಂದು ಕೇಳುತ್ತಿದ್ದರು. ಜನ ನಗುತ್ತಿದ್ದರು. ನಕ್ಕವರೇ ಹೋಮಕ್ಕೆ ತುಪ್ಪ ಕೊಟ್ಟರು.

ನಿನ್ನೆ ರಾತ್ರಿ ಸದ್ದಿಗೆ ಪಾರ್ವತವ್ವ ಎದ್ದಾಗ ಅವರು ಮುಚ್ಚಿದ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದರು.

“ಥಂಡಿ ಆತೇನ್ರಿ?”

“ಇಲ್ಲ.” ಎದೆ ಒತ್ತಿಕೊಂಡು ಹಾಸಿಗೆಯ ಅಂಚಿಗೆ ಕೂತರು. “ಗ್ರಹಕಾಟ ಎಲ್ಲಾ ಸುಳ್ಳು ಅಂತ ಜಲ್ಮಪೂರ್ತಿ ಬರದೆ. ಸುಳ್ಳಲ್ಲದಿದ್ರ, ಪಾರ್ವತಿ?”

ಅವಳು ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. ಇಷ್ಟು ವರ್ಷ ಉತ್ತರ ಹೇಳುತ್ತಿದ್ದವರು ಅವರೇ. ಕೋಳಿ ಕೂಗುವ ಮೊದಲು, ಅವಳು ಹಿಡಿದಿದ್ದ ಕೈ ತಣ್ಣಗಾಯಿತು.

* * *

“ಅವ್ವಾರ,” ಚನ್ನಯ್ಯ ಹತ್ತಿರ ಬಂದು ಕೂತ. “ಎತ್ತೂದಕ್ಕ ಮೊದಲ ನಾನು ನಾಕು ಮಾತು ಆಡಬೇಕು. ಮಂದಿ ಏನೇನೋ ಅನ್ನಾಕತ್ತಾರ. ಸರ್ ಕಡೀಗೆ ಹೆಂಗಿದ್ರು?”

ಗಿರಿಜವ್ವನ ಅಳು ನಿಂತಿತು. ನೆರೆದವರು ಇತ್ತ ತಿರುಗಿದರು. ನಿಜ ಹೇಳಿದರೆ ಸಂಜೆಯೊಳಗೆ ಅದು ಸಿದ್ದಾಪುರ ಮುಟ್ಟುತ್ತಿತ್ತು. ಅವರು ಬರೆದ ಒಂದೊಂದು ಪುಸ್ತಕವೂ ನಗೆಪಾಟಲಾಗುತ್ತಿತ್ತು.

“ಕಿಟಕಿ ತಗದ ಇತ್ತು, ತಮ್ಮಾ,” ಎಂದಳು. “ದಿನಾ ಇದ್ದಂಗ.”

ಚನ್ನಯ್ಯ ಎದ್ದು ಅದನ್ನೇ ಹೇಳಿದ. ಹೇಳುತ್ತಾ ಅತ್ತ.

ಮಣ್ಣು ಮಾಡಿ ಬಂದವರು ಕಾಲು ತೊಳೆದು ಹೋದರು. ಸಂಜೆಯಾಯಿತು. ಕಿಟಕಿಯಲ್ಲಿ ಒಂದೊಂದೇ ನಕ್ಷತ್ರ ಮೂಡುವುದನ್ನು ಪಾರ್ವತವ್ವ ಗೋಡೆಗೆ ಅಂಟಿ ನಿಂತು ನೋಡಿದಳು. ಅವರ ಅಂಜಿಕೆಯನ್ನು ಯಾರಿಗೂ ಹೇಳುವುದಿಲ್ಲ. ಇನ್ನು ಮೇಲೆ ತನ್ನದನ್ನೂ.

ಕದ ಎಳೆದುಕೊಂಡಳು. ಅಡುಗೆಮನೆಯಲ್ಲಿದ್ದ ಗಿರಿಜವ್ವನಿಗೆ ಕೇಳದ ಹಾಗೆ, ಚಿಲಕಕ್ಕೆ ಸೆರಗು ಸುತ್ತಿ ಮೆಲ್ಲಗೆ ಸರಿಸಿದಳು.