ಎಡರೆಕ್ಕೆಯ ಹನ್ನೊಂದು ಪಟ್ಟಿಗಳು

ಅಂಥ ವಿಮಾನ ಭೂಮಿಯ ಮೇಲೆ ಅದೊಂದೇ. ಮೈಯೆಲ್ಲ ಮರ. ಎಂಟು ಎಂಜಿನ್ ಹೊತ್ತು ಸರೋವರದ ನೀರಿನಿಂದಲೇ ಮೇಲೇಳಬೇಕೆಂದು ತೆಳುಹಲಗೆಗಳನ್ನು ಅಂಟಿಸಿ ಅಂಟಿಸಿ ಆರು ವರ್ಷ ಕಟ್ಟಿದ್ದರು. ಕೆಲಸಗಾರರು ಅದನ್ನು ದೊಡ್ಡಮ್ಮ ಎನ್ನುತ್ತಿದ್ದರು.

ದೊಡ್ಡಮ್ಮನ ರೆಕ್ಕೆಯೊಳಗೆ ಆಳು ನೆಟ್ಟಗೆ ನಡೆಯಬಹುದಿತ್ತು. ಹಾಗೆ ದಿನವಿಡೀ ನಡೆಯುತ್ತಿದ್ದವಳು ಕಿವಿಯಕ್ಕ. ಅಂಟಿಸಿದ ಒಂದೊಂದು ಹಲಗೆಪಟ್ಟಿಯನ್ನೂ ಪುಟ್ಟ ಮರದ ಸುತ್ತಿಗೆಯಿಂದ ತಟ್ಟಿ ಆಲಿಸುವುದು ಅವಳ ಕೆಲಸ. ಅಂಟು ಹಿಡಿದಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಟೊಳ್ಳು. ಸರಿಯಿದೆಯೆಂದು ಅವಳು ಸೀಮೆಸುಣ್ಣದ ಗೀಟೆಳೆದಳೆಂದರೆ ಎಂಜಿನಿಯರುಗಳೂ ಚಕಾರವೆತ್ತುತ್ತಿರಲಿಲ್ಲ.

ಮೊದಲ ಹಾರಾಟಕ್ಕೆ ಒಂದೇ ದಿನವಿದ್ದಾಗ, ಬೆಳಿಗ್ಗೆ, ಅವಳು ಮೇಸ್ತ್ರಿಯ ಮೇಜಿನ ಮುಂದೆ ಬಂದು ನಿಂತಳು.

“ಮೇಸ್ತ್ರಿ, ಎಡರೆಕ್ಕೆ ತುದೀಲಿ ಹನ್ನೊಂದು ಪಟ್ಟಿಗೆ ಗೀಟು ಹಾಕಿದ್ನಲ್ಲ, ಆ ವಾರ ನೆಗಡಿಯಾಗಿ ಕಿವಿ ಕಟ್ಟಿತ್ತು. ಹೇಳೋಕೆ ನಾಚಿಕೆಯಾಯ್ತು. ಅಂದಾಜಲ್ಲಿ ಎಳೆದ್ಬಿಟ್ಟೆ.”

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ.

“ಕೆಲಸ ಹೋಗುತ್ತೆ ಅಂತ ಗೊತ್ತಲ್ಲ, ಅಕ್ಕ?”

“ಗೊತ್ತು. ಅದರೊಳಗೆ ಐದು ಜನ ಕೂರ್ತಾರಲ್ಲ.”

ಅವನು ಟಾರ್ಚು ತೆಗೆದುಕೊಂಡು ಎದ್ದ. “ಈಗ ಕಿವಿ ಹೇಗಿದೆ?”

“ನಿಮ್ಮ ಹೆಂಡ್ತಿ ನಿಮ್ಮನ್ನ ಬೈಯೋದು ಇಲ್ಲೀವರೆಗೂ ಕೇಳಿಸುತ್ತೆ.”

“ಹಾಗಾದ್ರೆ ಸರಿಯಾಗೇ ಇದೆ. ಬನ್ನಿ.”

ರೆಕ್ಕೆಯ ತುದಿ ಕಿರಿದು, ಮಂಡಿಯೂರಿ ಹೋಗಬೇಕು. ಮೇಸ್ತ್ರಿ ತನ್ನ ಕೋಟು ಬಿಚ್ಚಿ ಅವಳ ಮಂಡಿಯಡಿ ಹಾಸಿ, ಬೆಳಕು ಹಿಡಿದ. ಮೂರು ಪಟ್ಟಿ ಗಟ್ಟಿ. ನಾಲ್ಕನೆಯದು ಟೊಳ್ಳೆಂದಿತು. ಅದು ಮೇಸ್ತ್ರಿಗೂ ಕೇಳಿಸಿತು. ಉಳಿದವೆಲ್ಲ ಗಟ್ಟಿ.

ಅವನು ಕಚೇರಿಗೆ ಫೋನ್ ಮಾಡಿದ. “ಒಂದು ಕಡೆ ಅಂಟು ಹಿಡಿದಿಲ್ಲ ಸಾರ್. ತಪ್ಪು ನನ್ನದು. ಮತ್ತೆ ಅಂಟಿಸಿ ಒಣಗೋಕೆ ಎರಡು ದಿನ ಬೇಕು.” ಆ ಕಡೆಯ ಕೂಗಾಟ ಮುಗಿಯುವವರೆಗೆ ರಿಸೀವರನ್ನು ಕಿವಿಯಿಂದ ದೂರ ಹಿಡಿದಿದ್ದ. ತಪ್ಪು ತನ್ನದೆಂದು ಹೇಳಲು ಕಿವಿಯಕ್ಕ ಅದಕ್ಕೆ ಕೈಚಾಚಿದಳು. ಅವನು ಬೇಡವೆಂದು ತಲೆಯಾಡಿಸಿದ.

“ಅಂಟು ಹಾಕ್ಸಿದ್ದು ನಾನೇ ತಾನೇ. ಸುಳ್ಳೇನೂ ಹೇಳಿಲ್ಲ.”

ಮೂರನೆಯ ದಿನ ಊರಿಗೆ ಊರೇ ದಂಡೆಯಲ್ಲಿ ನೆರೆದಿತ್ತು. ಎಂಟು ಎಂಜಿನ್‌ಗಳು ಒಂದೊಂದಾಗಿ ಎಚ್ಚೆತ್ತವು. ಕಿವಿಯಕ್ಕ, ಮೇಸ್ತ್ರಿ ನಿಂತಿದ್ದ ದೋಣಿಕಟ್ಟೆಯ ಹಲಗೆ ನಡುಗಿತು. ದೊಡ್ಡಮ್ಮ ನೀರು ಸೀಳಿಕೊಂಡು ಓಡಿದಳು. ಬೆಟ್ಟವೊಂದು ಓಡಿದರೆ ಹೀಗೇ ಇರಬೇಕು. ಕಿವಿಯಕ್ಕ ಎಡರೆಕ್ಕೆಯ ತುದಿಯಿಂದ ಕಣ್ಣು ಕೀಳಲಿಲ್ಲ. ಅದು ಅಲುಗಲಿಲ್ಲ.

“ಎದ್ಲಾ, ಅಕ್ಕ?” ಕನ್ನಡಕಕ್ಕೆ ಸಿಡಿದ ನೀರು ಒರೆಸುತ್ತ ಮೇಸ್ತ್ರಿ ಕೇಳಿದ. “ನನಗೇನೂ ಕಾಣ್ತಿಲ್ಲ.”

ಅವಳು ಬಗ್ಗಿ ನೋಡಿದಳು. ಆ ಭಾರೀ ಹೊಟ್ಟೆಗೂ ನೀರಿಗೂ ನಡುವೆ ಬೆಳಕಿನ ಒಂದು ಪಟ್ಟೆ ಬಿಟ್ಟುಕೊಂಡಿತ್ತು. ಅದು ಅಗಲವಾಗುತ್ತ ಬಂತು.

“ಎದ್ಲು,” ಎಂದಳು ಕೊನೆಗೆ. “ಅವಳ ಕೆಳಗಿಂದ ಆಚೆ ದಡದ ಮರಗಳು ಕಾಣ್ತಿವೆ.”