ಸೊನ್ನೆಯ ಕೆಳಗೆ

ಮಾವನಿಗೂ ಸೊಸೆಗೂ ಮನೆಯಲ್ಲಿ ಒಂದು ದಿನವೂ ಮಾತು ಜೋರಾದದ್ದಿಲ್ಲ. ಮೆಟ್ಟಿಲಿಳಿದು ಕೆಳಗಿನ ವರ್ಕ್‌ಶಾಪಿಗೆ ಬಂದರೆ ಮಾತ್ರ ಹಾವು ಮುಂಗುಸಿ.

ವರ್ಕ್‌ಶಾಪ್ ಅತ್ತೆಯದು. ಐಸ್‌ಕ್ರೀಮ್ ಫ್ರೀಜರುಗಳ ಹೊಟ್ಟೆಯಲ್ಲಿ ಕೂತು, ಚಳಿ ಎಷ್ಟಿದೆ ಎಂದು ನೋಡಿ, ಕಂಪ್ರೆಸರನ್ನು ಓಡಿಸುವ, ನಿಲ್ಲಿಸುವ ಅಂಗೈಯಗಲದ ಬೋರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಬೆಸುಗೆಯೆಲ್ಲ ಅತ್ತೆಯ ಕೈಯದು. ಬೋರ್ಡಿನೊಳಗಿನ ಪ್ರೋಗ್ರಾಮ್ ಮಾವನದು. ಇಪ್ಪತ್ತೆರಡು ವರ್ಷದ ಹಿಂದೆ ಸಿ ಭಾಷೆಯಲ್ಲಿ ಬರೆದು ಮುಗಿಸಿ, ಅಲ್ಲಿಂದಾಚೆಗೆ ಅದನ್ನು ಹೊಗಳುವುದೊಂದನ್ನೇ ಕೆಲಸ ಮಾಡಿಕೊಂಡಿದ್ದರು. ಸೊಸೆಯೂ ಪ್ರೋಗ್ರಾಮ್ ಬರೆಯುವವಳೇ. ಆದರೆ ಅವಳ ಮೇಜಿನ ಮೇಲೆ ಸಿ ಭಾಷೆಯ ಸ್ಟ್ಯಾಂಡರ್ಡ್, ಅಂದರೆ ಆ ಭಾಷೆಯ ಕಟ್ಟುಕಟ್ಟಳೆಗಳನ್ನೆಲ್ಲ ಬರೆದಿಟ್ಟ ಇಟ್ಟಿಗೆ ದಪ್ಪದ ಹೊತ್ತಿಗೆ ಸದಾ ತೆರೆದೇ ಇರುತ್ತಿತ್ತು. ಅದರಲ್ಲಿ ಇಲ್ಲದ್ದು ಅವಳ ಪಾಲಿಗೆ ಲೋಕದಲ್ಲೇ ಇಲ್ಲ.

ಹೀಗಿರುವಾಗ ಬೋರ್ಡಿನಲ್ಲಿ ಕೂತು ಪ್ರೋಗ್ರಾಮ್ ನಡೆಸುವ ಹಳೆಯ ಚಿಪ್ ತಯಾರಾಗುವುದು ನಿಂತುಹೋಯಿತು. ಹೊಸ ಜಾತಿಯ ಚಿಪ್ಪುಗಳು ಪೆಟ್ಟಿಗೆಯಲ್ಲಿ ಬಂದಿಳಿದವು.

"ಏನಿದೆ ಇದರಲ್ಲಿ? ನನ್ನ ಪ್ರೋಗ್ರಾಮನ್ನೇ ಹೊಸ ಕಂಪೈಲರ್‌ಗೆ ಕೊಟ್ಟರಾಯ್ತು," ಅಂದರು ಮಾವ.

ಸೊಸೆ ಕೊಟ್ಟು ನೋಡಿದಳು. ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಆ ಕಂಪೈಲರ್ ನಾನೂರ ಹನ್ನೆರಡು ಎಚ್ಚರಿಕೆಗಳನ್ನು ಕಕ್ಕಿತು. ಅವಳು ಅಷ್ಟನ್ನೂ ಹದಿನಾಲ್ಕು ಹಾಳೆಗಳಲ್ಲಿ ಪ್ರಿಂಟ್ ತೆಗೆದು ಮಾವನ ಮುಂದಿಟ್ಟಳು.

"ಎಚ್ಚರಿಕೆ ತಾನೇ? ತಪ್ಪು ಅಂತ ಒಂದಾದ್ರೂ ಅಂದಿದ್ಯಾ?"

"ಮಾವ, ಇದೆಲ್ಲ ಹಳೇ ಚಿಪ್ ಮೇಲೆ ಹೇಗೋ ನಡ್ಕೊಂಡು ಬಂತು. ಸ್ಟ್ಯಾಂಡರ್ಡ್ ಏನೂ ಮಾತು ಕೊಟ್ಟಿಲ್ಲ."

"ಮಾತು ಕೊಡದೇನೇ ಇಪ್ಪತ್ತೆರಡು ವರ್ಷ ನಡೆಸಿಕೊಟ್ಟಿದೆಯಲ್ಲಮ್ಮ, ಅದಕ್ಕಿಂತ ಒಳ್ಳೇ ಬುದ್ಧಿ ಬೇಕಾ?"

ಮಾವ ಹಾಳೆಗಳನ್ನು ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಸೊಸೆಗೂ ಐದನೇ ಹಾಳೆಗೆ ಬೇಜಾರು ಹಿಡಿದಿತ್ತು. ಮಿಕ್ಕದ್ದನ್ನು ಓದದೆ ಪಕ್ಕಕ್ಕೆ ತಳ್ಳಿ, ಇಡೀ ಪ್ರೋಗ್ರಾಮನ್ನು ಹೊಸದಾಗಿ ಬರೆಯಲು ಕೂತಳು. ಸ್ಟ್ಯಾಂಡರ್ಡ್ ಒಪ್ಪದ ಒಂದು ಅಲ್ಪವಿರಾಮವೂ ಇರಕೂಡದೆಂದು ಹಟ. ಒಂದು ಬೈಟಿಗೆ ಎಂಟರ ಬದಲು ಒಂಬತ್ತು ಬಿಟ್ ಇರುವ ಯಂತ್ರದಲ್ಲೂ ಅದು ನಡೆಯಬೇಕಿತ್ತು.

"ಅಂಥ ಯಂತ್ರ ನೀನು ಕಣ್ಣಲ್ಲಿ ಕಂಡಿದ್ದೀಯಾ?" ಮಾವ ಬಗ್ಗಿ ನೋಡಿ ಕೇಳಿದರು.

"ಇಲ್ಲ."

"ಅದರೊಳಗೆ ಯಾರಾದ್ರೂ ಐಸ್‌ಕ್ರೀಮ್ ಇಟ್ಟಿದ್ದು ಕೇಳಿದ್ದೀಯಾ?"

ಸೊಸೆ ಮೂಗು ಮುರಿದು ಟೈಪ್ ಮಾಡುವುದನ್ನು ಮುಂದುವರಿಸಿದಳು.

ಮೂರು ವಾರ ಈ ಜುಗಲ್‌ಬಂದಿ ಕೇಳಿ ಅತ್ತೆಗೆ ತಲೆ ಚಿಟ್ಟುಹಿಡಿಯಿತು. ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎದ್ದರು. "ಗುರುವಾರ ಐಸ್‌ಕ್ರೀಮ್ ಕಾರ್ಖಾನೆಯವರು ನೋಡೋಕೆ ಬರ್ತಾರೆ. ಫ್ರೀಜರ್ ಎರಡಿದೆ. ರೀ, ಒಂದರಲ್ಲಿ ನಿಮ್ಮದು ಹಾಕಿ. ಇನ್ನೊಂದರಲ್ಲಿ ಇವಳು ತನ್ನದು ಹಾಕ್ಲಿ. ಅಲ್ಲಿವರೆಗೆ ಇಬ್ಬರೂ ಬಾಯಿಗೆ ಬೀಗ ಹಾಕ್ಕೊಳಿ."

ಮಾವ ತಮ್ಮ ಬೋರ್ಡನ್ನು ಪರೀಕ್ಷಿಸಿದ್ದು ತಮ್ಮದೇ ರೀತಿಯಲ್ಲಿ: ಸೆನ್ಸರನ್ನು ಒಮ್ಮೆ ಬಿಸಿನೀರಿನ ಲೋಟಕ್ಕೆ, ಒಮ್ಮೆ ತಣ್ಣೀರಿನ ಲೋಟಕ್ಕೆ ಅದ್ದಿದರು, ಸಂಖ್ಯೆ ಏರಿತು, ಇಳಿಯಿತು, ಕೈ ಒರೆಸಿಕೊಂಡರು. ಸೊಸೆ ಕಂಪ್ಯೂಟರಿನೊಳಗೇ ಒಂದು ಸುಳ್ಳು ಫ್ರೀಜರ್, ಒಂದು ಸುಳ್ಳು ಗಡಿಯಾರ ಕಟ್ಟಿ ಮುನ್ನೂರು ಪರೀಕ್ಷೆ ನಡೆಸಿದಳು. ಮುನ್ನೂರೂ ಪಾಸು.

ಗುರುವಾರ ಬೆಳಿಗ್ಗೆ ಕಾರ್ಖಾನೆಯ ಯಜಮಾನಿ ಎರಡು ಡಬ್ಬ ಐಸ್‌ಕ್ರೀಮ್ ಹಿಡಿದುಕೊಂಡು ಬಂದರು. ಕಡಿಮೆ ಮಾತಿನ ಹೆಂಗಸು. ಒಂದೊಂದು ಫ್ರೀಜರಿಗೆ ಒಂದೊಂದು ಡಬ್ಬ ಇಟ್ಟು, ಕುರ್ಚಿ ಎಳೆದುಕೊಂಡು ಕೂತರು. ಎರಡೂ ಪರದೆಗಳಲ್ಲಿ ಇಪ್ಪತ್ತೊಂದು ಡಿಗ್ರಿ ಎಂದು ಮೂಡಿತು. ಕಂಪ್ರೆಸರುಗಳು ಗುರ್ ಎಂದವು.

ಮಾವನ ಪರದೆ ಚೆಂದವಾಗಿ ಇಳಿಯತೊಡಗಿತು. ಹದಿನೈದು. ಒಂಬತ್ತು. ನಾಲ್ಕು. ಮಾವ ಮದುಮಗನ ತಂದೆಯ ಗತ್ತಿನಲ್ಲಿ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಎರಡು. ಒಂದು. ಸೊನ್ನೆ.

ಇನ್ನೂರ ಐವತ್ತೈದು.

ಅಲಾರಂ ಕಿರುಚಿಕೊಂಡಿತು. ಫ್ರೀಜರಿಗೆ ಬೆಂಕಿ ಬಿದ್ದಿದೆ ಎಂದು ಪರದೆ ಕೆಂಪಗೆ ಮಿಣುಕಿತು. ಅತ್ತೆ ಓಡಿಹೋಗಿ ವೈರ್ ಕಿತ್ತರು. ಮಾವನ ಮುಖ ನೋಡುವಂತಿರಲಿಲ್ಲ. ಸೊಸೆಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ತುಟಿ ಕಚ್ಚಿ ಹಿಡಿದುಕೊಂಡರೂ ನಗು ಕಿವಿಯವರೆಗೆ ಬಂತು.

"ಅದಿರ್ಲಿ, ನಿಮ್ಮದು ಆಗಿನಿಂದ ಇಪ್ಪತ್ತೊಂದರಲ್ಲೇ ಇದ್ಯಲ್ಲಮ್ಮ," ಅಂದರು ಯಜಮಾನಿ.

ಸೊಸೆ ತಿರುಗಿದಳು. ಹೌದು, ಅವಳ ಪರದೆಯಲ್ಲಿ ಇಪ್ಪತ್ತೊಂದು ಫೋಟೋ ತೆಗೆದಿಟ್ಟ ಹಾಗೆ ಕೂತಿತ್ತು. ಕಂಪ್ರೆಸರ್ ಬಿಡದೆ ಓಡುತ್ತಲೇ ಇತ್ತು. ಯಜಮಾನಿ ಆ ಫ್ರೀಜರಿನ ಬಾಗಿಲು ತೆಗೆದು, ಡಬ್ಬಕ್ಕೆ ಚಮಚ ಹಾಕಿದರು. ಚಮಚ ಬಗ್ಗಿತು.

"ನಾನು ಊಟ ಮಾಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಒಂದಾದ್ರೂ ಸರಿಯಾಗಿರ್ಲಿ," ಎಂದು ಬಗ್ಗಿದ ಚಮಚವನ್ನು ಅತ್ತೆಯ ಕೈಗಿಟ್ಟು ಹೊರಟರು.

ಅತ್ತೆ ಬೈಯಲಿಲ್ಲ. ಎರಡು ಸ್ಟೂಲುಗಳನ್ನು ಒಂದೇ ಕಂಪ್ಯೂಟರಿನ ಮುಂದೆ ಜೋಡಿಸಿ, ಬೆರಳು ತೋರಿಸಿದರು. ಮಾವ, ಸೊಸೆ ಶಾಲೆಯ ಮಕ್ಕಳಂತೆ ಕೂತರು. ವಿಚಿತ್ರವೆಂದರೆ, ಇಬ್ಬರಿಗೂ ಕಂಡದ್ದು ಇನ್ನೊಬ್ಬರ ತಪ್ಪು.

ಸೊಸೆ ಆ ಹದಿನಾಲ್ಕು ಹಾಳೆಗಳನ್ನು ತಂದು ತಿರುವಿದಳು. ಒಂಬತ್ತನೇ ಹಾಳೆಯಲ್ಲಿ ಸಿಕ್ಕಿತು. ಮಾವ ಚಳಿಯ ಲೆಕ್ಕವನ್ನು ಸಿ ಭಾಷೆಯಲ್ಲಿ ಅಂಕಿ ಇಡುವ 'ಚಾರ್' ಎಂಬ ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದರು. ಅದರೊಳಗೆ ಮೈನಸ್ ಸಂಖ್ಯೆ ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಸ್ಟ್ಯಾಂಡರ್ಡ್ ಆಯಾ ಕಂಪೈಲರಿನ ಇಷ್ಟಕ್ಕೆ ಬಿಟ್ಟಿದೆ. ಹಳೆಯದು ಹಿಡಿಯುತ್ತಿತ್ತು, ಹೊಸದು ಹಿಡಿಯುವುದಿಲ್ಲ. ಸೊನ್ನೆಗಿಂತ ಕೆಳಗಿಳಿದೊಡನೆ ಡಬ್ಬಿ ಲಾಗ ಹಾಕಿ ಇನ್ನೂರ ಐವತ್ತೈದಕ್ಕೆ ಹೋಗಿ ಕೂರುತ್ತದೆ.

"ಮುಂದೆ 'ಸೈನ್ಡ್' ಅಂತ ಒಂದು ಪದ ಸೇರಿಸಿದ್ರೆ ಮುಗೀತು ಮಾವ. ಆಗ ಯಾವ ಕಂಪೈಲರೂ ಮೈನಸ್ ಬೇಡ ಅನ್ನೋ ಹಾಗಿಲ್ಲ."

"ಒಂದೇ ಪದ?"

"ಒಂದೇ. ನಾನೂ ಆವತ್ತೇ ಪೂರ್ತಿ ಓದಿದ್ರೆ ನಿಮಗೆ ಹೇಳ್ತಿದ್ದೆ."

ಮಾವ ಗಂಟಲು ಸರಿಮಾಡಿಕೊಂಡು ಅವಳ ಪ್ರೋಗ್ರಾಮಿನ ಕಡೆ ಕೈ ತೋರಿಸಿದರು. "ಚಿಪ್ಪಿನ ಗಡಿಯಾರ ಟಿಕ್ ಅಂದಾಗೆಲ್ಲ ಚಳಿ ಓದ್ಬೇಕಲ್ಲ, ಆ ಭಾಗಕ್ಕೆ ಚಿಪ್ ಮಾಡಿದವರು ಒಂದು ಪದ ಕೊಟ್ಟಿರ್ತಾರೆ. ಅದೆಲ್ಲಿ?"

"ಅದು ಸ್ಟ್ಯಾಂಡರ್ಡಲ್ಲಿ ಇಲ್ಲ. ತೆಗೆದುಹಾಕ್ದೆ."

"ಅದಿಲ್ದಿದ್ರೆ ಗಡಿಯಾರ ಯಾರನ್ನ ಕರೀಬೇಕಮ್ಮ? ಪಾಪ, ಅದು ಕೂಗ್ತಾ ಇದೆ, ನಿನ್ನ ಪ್ರೋಗ್ರಾಮು ನನ್ನನ್ನಲ್ಲ ಅಂತ ಕೂತಿದೆ."

ಸೊಸೆ ಹಣೆ ಚಚ್ಚಿಕೊಂಡಳು. ಅವಳ ಸುಳ್ಳು ಗಡಿಯಾರ ಕರೆಯುತ್ತಿದ್ದುದು ಅವಳೇ ಹೇಳಿಕೊಟ್ಟ ಹಾದಿಯಲ್ಲಿ. ಲೋಕದಲ್ಲಿರುವ ಎಲ್ಲ ಯಂತ್ರಗಳಿಗೂ ಒಗ್ಗುವಂತೆ ಬರೆಯಲು ಹೋಗಿ, ಎದುರಿಗಿದ್ದ ಒಂದು ಚಿಪ್ಪನ್ನೇ ಮಾತಾಡಿಸದೆ ಬಿಟ್ಟಿದ್ದಳು. ಆ ಪದವನ್ನು ಮರಳಿ ತಂದಳು. ಆದರೆ ಎಲ್ಲೆಂದರಲ್ಲಿ ಚೆಲ್ಲಲಿಲ್ಲ. ಚಿಪ್ಪಿಗೆ ಸೇರಿದ ಇಂಥ ಮಾತುಗಳಿಗೆಂದೇ ಬೇರೆ ಒಂದು ಫೈಲ್ ಮಾಡಿ, ಅಲ್ಲಿ ಕೂರಿಸಿದಳು.

ಯಜಮಾನಿ ಬಂದಾಗ ಎರಡೂ ಪರದೆಗಳಲ್ಲಿ ಮೈನಸ್ ಹದಿನೆಂಟು. ಕಂಪ್ರೆಸರುಗಳು ಹದವಾಗಿ ನಿಂತು, ಹದವಾಗಿ ಓಡುತ್ತಿದ್ದವು.

"ಯಾವುದು ತಗೊಳ್ಲಿ?"

ಸೊಸೆ ಬಾಯಿ ತೆರೆಯುವ ಮೊದಲೇ ಮಾವ ಅಂದರು, "ಇವಳದ್ದು ತಗೊಳ್ಳಿ. ಈ ಚಿಪ್ಪೂ ಒಂದಿನ ನಿಂತುಹೋಗುತ್ತೆ. ಆಗ ಇವಳು ಒಂದು ಫೈಲ್ ಬದಲಾಯಿಸಿದ್ರೆ ಸಾಕು. ನನ್ನದಾದ್ರೆ ನನ್ನನ್ನೇ ಹುಡುಕ್ಕೊಂಡು ಬರ್ಬೇಕು."

ಸೊಸೆ ಯಜಮಾನಿಯ ಕಡೆ ತಿರುಗಿದಳು. "ಒಂದು ನಿಮಿಷ," ಅಂದಳು. "ಬಾಗಿಲು ತೆಗೆದು ಮುಚ್ಚಿದ್ರೆ ಕಂಪ್ರೆಸರ್ ಎಷ್ಟು ಹೊತ್ತು ತಡ್ಕೋಬೇಕು ಅನ್ನೋದು ಮಾವನ ಪ್ರೋಗ್ರಾಮಿನಲ್ಲಿ ಮಾತ್ರ ಸರಿಯಾಗಿದೆ. ಆ ಭಾಗ ಅವರದ್ದೇ ಹಾಕ್ತೀನಿ. ಅದು ಯಾವ ಪುಸ್ತಕದಲ್ಲೂ ಇಲ್ಲ."

ಯಜಮಾನಿ ನಲವತ್ತು ಬೋರ್ಡು ಬೇಕೆಂದು ಹೇಳಿ ಹೋದರು. ಕಲ್ಲಾಗಿದ್ದ ಐಸ್‌ಕ್ರೀಮನ್ನು ಅತ್ತೆ ಗರಗಸದಲ್ಲಿ ಮೂರು ಹೋಳು ಮಾಡಿದರು. ತಿನ್ನುತ್ತ ತಿನ್ನುತ್ತಲೇ ಆ ಹೊಸ ಫೈಲಿಗೆ ಏನು ಹೆಸರಿಡಬೇಕು ಎಂಬ ಮಾತು ಬಂತು. ಮಾವ ಒಂದು ಹೆಸರು ಹೇಳಿದರು. ಅದು ಆರು ಅಕ್ಷರ ಮೀರಿದೆ, ಮೊದಲ ಆರೇ ಅಕ್ಷರಕ್ಕೆ ಬೆಲೆ ಕೊಡುವ ಯಂತ್ರಗಳೂ ಒಂದು ಕಾಲದಲ್ಲಿ ಇದ್ದವು ಎಂದು ಸೊಸೆ ಶುರು ಮಾಡಿದಳು. ಅತ್ತೆ ತಮ್ಮ ಹೋಳನ್ನು ತಟ್ಟೆಗೆ ಹಾಕಿಕೊಂಡು ಮಹಡಿ ಹತ್ತಿದರು.