ಹನ್ನೊಂದು ವರ್ಷ ನಿಂತೇ ಇದ್ದವನು

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಕನಕರಾಯ ಮಾಸ್ತರ ಹೆತ್ತದ್ದು ಏಳು ಮಂದಿಯನ್ನು, ಅದೂ ಕಾಗದದ ಮೇಲೆ. ರಾಯಚೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಆತ, ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಪ್ರೆಸ್ಸಿನಿಂದ ಹೊರಡುವ ವಾರಪತ್ರಿಕೆಗೆ ೧೯೭೨ರಿಂದ ವಾರಕ್ಕೊಂದು ಪುಟ, ಚೌಕ ಚೌಕವಾಗಿ ಚಿತ್ರ ಬಿಡಿಸಿ ಹೇಳುವ ಕತೆ ಬರೆಯುತ್ತ ಬಂದಿದ್ದ. ಕೃಷ್ಣೆಯ ಆಚೆ ಕಳೆದುಹೋದ ಕುರಿಹಿಂಡನ್ನು ಹುಡುಕಿ ಹೊರಟ ಏಳು ಮಂದಿಯ ಕತೆ. ಹನ್ನೊಂದು ವರ್ಷವಾದರೂ ಹಿಂಡು ಸಿಕ್ಕಿರಲಿಲ್ಲ. ಸಿಗುವುದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಮಾನ್ವಿಯ ಹೋಟೆಲುಗಳಲ್ಲಿ, ದೇವದುರ್ಗದ ಕಟ್ಟೆಗಳ ಮೇಲೆ ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದಿದರೆ ಹತ್ತು ಮಂದಿ ಬಗ್ಗಿ ಚಿತ್ರ ನೋಡುತ್ತಿದ್ದರು.

೧೯೮೩ರಲ್ಲಿ ಸಲಾವುದ್ದೀನ್ ಬಂದ. ಮಾಸ್ತರನ ಹಳೆಯ ವಿದ್ಯಾರ್ಥಿ. ಮದ್ರಾಸಿನಲ್ಲಿ ಸಿನಿಮಾ ಕೆಲಸ ಕಲಿತು, ಹೇಗೋ ಒಬ್ಬ ನಿರ್ಮಾಪಕನನ್ನು ಹಿಡಿದಿದ್ದ. ನಿಮ್ಮ ಕತೆಯನ್ನೇ ನನ್ನ ಮೊದಲ ಸಿನಿಮಾ ಮಾಡುತ್ತೇನೆ ಎಂದಾಗ ಮಾಸ್ತರನಿಗೆ ಅವತ್ತು ಊಟ ಸೇರಲಿಲ್ಲ. ಮರುದಿನವೂ ಸೇರಲಿಲ್ಲ, ಆದರೆ ಕಾರಣ ಬೇರೆಯಾಗಿತ್ತು. ಎರಡೂವರೆ ತಾಸಿನ ಸಿನಿಮಾದಲ್ಲಿ ಏಳು ಮಂದಿ ಹಿಡಿಸುವುದಿಲ್ಲ, ನಾಲ್ವರು ಸಾಕು, ಮೂವರನ್ನು ತೆಗೆಯಲೇಬೇಕು ಎಂದು ಸಲಾವುದ್ದೀನ್ ಪಟ್ಟಿ ಮಾಡಿಕೊಂಡು ಬಂದಿದ್ದ. ಪಟ್ಟಿಯ ಮೂರನೆಯ ಹೆಸರು ದುರುಗಪ್ಪ.

ನ್ಯಾಯವಾಗಿ ಹೇಳಬೇಕೆಂದರೆ ದುರುಗಪ್ಪನಿಂದ ಆ ಕತೆಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ಎಲ್ಲರಿಗಿಂತ ಹಿಂದೆ, ಒಂದು ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಒಂದು ಕುರಿಮರಿ. ಉಳಿದ ಆರು ಮಂದಿ ದಾರಿಗಾಗಿ ಬಡಿದಾಡುವಾಗ ಈ ಪುಣ್ಯಾತ್ಮ ಮರಿಗೆ ಎಲೆ ತಿನ್ನಿಸುತ್ತ ನಿಂತಿರುತ್ತಿದ್ದ. ಓದುವವರು ಮೊದಲು ಹುಡುಕುತ್ತಿದ್ದುದು ಮಾತ್ರ ಅವನನ್ನೇ.

ಆ ಹೆಸರಿನವನೊಬ್ಬ ನಿಜಕ್ಕೂ ಇದ್ದ. ದೇವದುರ್ಗದಲ್ಲಿ ಕನಕರಾಯನ ಜೊತೆ ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿದ ಗೆಳೆಯ. ಕತೆ ಶುರುವಾಗುವ ಹಿಂದಿನ ಮಳೆಗಾಲದಲ್ಲಿ ಕುರಿಗಳನ್ನು ಹೊಳೆ ದಾಟಿಸಿ, ಹಿಂದೆ ಉಳಿದ ಒಂದು ಮರಿಗಾಗಿ ಮತ್ತೆ ನೀರಿಗಿಳಿದ. ದೇವಸುಗೂರಿನ ದಂಡೆಯಲ್ಲಿ ಕಂಬಳಿ ಸಿಕ್ಕಿತು, ಹೆಣ ಸಿಗಲಿಲ್ಲ. ಕನಕರಾಯ ಆ ವರ್ಷವೇ ಕುಂಚ ಹಿಡಿದು ಅವನನ್ನು ಆಚೆ ದಂಡೆಗೆ ಮುಟ್ಟಿಸಿದ. ಹನ್ನೊಂದು ವರ್ಷ ಕತೆ ಬರೆದದ್ದು ಹಿಂಡಿಗಾಗಿಯಲ್ಲ, ಇವನನ್ನು ಸಾಯಲು ಬಿಡಬಾರದೆಂದು. ಇದನ್ನು ಆತ ಯಾರಿಗೂ ಹೇಳಿರಲಿಲ್ಲ.

ಕತೆಯ ಏಳು ಮಂದಿಗೂ ನಿಜವಾದ ಮನುಷ್ಯರ ಮುಖವೇ ಇತ್ತು. ಯಾರದೇ ಮುಖವನ್ನು ಕತೆಗೆ ತರುವ ಮುಂಚೆ ಮಾಸ್ತರ ಅವರ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಕೇಳುತ್ತಿದ್ದ. ಅವನ ಊರಲ್ಲಿ ಹೆಣ್ಣು ಕೇಳುವುದೂ ಹಾಗೆಯೇ, ಹೋರಿ ಕೇಳುವುದೂ ಹಾಗೆಯೇ. ಎಲೆ ಅಡಿಕೆ ಕೊಟ್ಟು ಕರೆತಂದವರನ್ನು ಹೇಳದೆ ಕೇಳದೆ ಹೊರಗೆ ಹಾಕುವುದು ಹೇಗೆ? ಹಾಗಾಗಿ ಮತ್ತೆ ಎಲೆ ಅಡಿಕೆ ಕಟ್ಟಿಕೊಂಡು ಬಸ್ಸು ಹತ್ತಿದ.

ಪಟ್ಟಿಯ ಮೊದಲ ಹೆಸರು ಮಾನ್ವಿಯ ಹೋಟೆಲಿನ ಪಕೀರಪ್ಪನದು, ಅವನು ನಕ್ಕುಬಿಟ್ಟ. ನನ್ನನ್ನು ಬೇಕಾದರೆ ತೆಗೆಯಿರಿ, ಮೀಸೆಯನ್ನಾದರೂ ಯಾರಿಗಾದರೂ ಹಚ್ಚಿ ಉಳಿಸಿಕೊಳ್ಳಿರಿ ಎಂದ. ಎರಡನೆಯವಳು, ಬಳೆ ಮಾರುವ ಅಮೀರ್ ಬೀ, ನಗಲಿಲ್ಲ. ಮೊಣಕಾಲು ನೋವಿಟ್ಟುಕೊಂಡು ಹನ್ನೊಂದು ವರ್ಷ ನಿಮ್ಮ ಹಿಂದೆ ನಡೆದದ್ದು ಇದಕ್ಕೇ ಏನು ಎಂದು ಕೇಳಿ, ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. ಅಲ್ಲಿಂದ ಮಾಸ್ತರ ದೇವದುರ್ಗದ ಬಸ್ಸು ಹಿಡಿದ.

ದುರುಗಪ್ಪನ ತಾಯಿ ಭೀಮವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ವಾರವಾರವೂ ಅಂಗಡಿಯ ಯಂಕಣ್ಣನಿಂದ ಕತೆ ಓದಿಸಿಕೊಂಡು, ಮಗನಿರುವ ಪುಟಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದಳು. ಅವನದು ಒಂದು ಫೋಟೋ ಕೂಡ ಇರಲಿಲ್ಲ. ಸಿನಿಮಾದ ಸುದ್ದಿ ಕೇಳಿ ಮುಖವೆಲ್ಲ ಅರಳಿದ್ದನ್ನು ನೋಡಿದ ಮೇಲೆ ಮಾಸ್ತರ ಉಳಿದದ್ದನ್ನು ಹೇಳಿದ.

"ಸಾಯ್ತಾನೇನು ಅದರಾಗ?" ಎಂದು ಕೇಳಿದಳು.

"ಇಲ್ಲ ಯವ್ವಾ. ಅಂವ ಅದರಾಗ ಬರೋದೇ ಇಲ್ಲ."

ಭೀಮವ್ವನ ಕೈ ಉಣ್ಣೆಯಲ್ಲೇ ನಿಂತಿತು. "ಸತ್ರ ಸತ್ತ ಅಂತಾರ, ಅಳತಾರ. ಬರೋದೇ ಇಲ್ಲಂದ್ರ, ನಾ ಅವನ್ನ ಹಡದೇ ಇಲ್ಲ ಅಂದಂಗಾತಲ್ಲೋ ಕನಕಾ."

ಅವಳು ಉಣ್ಣೆಯನ್ನು ಬದಿಗಿಟ್ಟಳು.

"ಸಿನಿಮಾದಾಗ ಮಂದಿ ನಡಿತಾರಂತಲ್ಲ. ನಿನ್ನ ಪೇಪರಿನ್ಯಾಗ ಅಂವ ಹನ್ನೊಂದು ವರ್ಷ ನಿಂತೇ ಇದಾನ. ಒಂದು ಸಲ ನಡಿಯೋದು ನೋಡಬೇಕಿತ್ತು. ಆಮ್ಯಾಲ ಸಾಯ್ಲಿ, ನನಗೇನಿಲ್ಲ."

ಅತ್ತ ದರಿ, ಇತ್ತ ಪುಲಿ. ರಾಯಚೂರಿಗೆ ಬಂದವನೇ ಮಾಸ್ತರ ಸಲಾವುದ್ದೀನನ ಮುಂದೆ ಕೂತು ಬೇಡಿಕೊಂಡ. ಸಲಾವುದ್ದೀನ್ ಕೆಟ್ಟವನಲ್ಲ. ತುಂಬ ಯೋಚಿಸಿ ಒಂದು ದಾರಿ ಹೇಳಿದ. ದುರುಗಪ್ಪ ಎರಡು ನಿಮಿಷ ಬರಲಿ, ದಂಡೆಯ ಮೇಲೆ ನಡೆದು ಬಂದು, ಮರಿಗಾಗಿ ನೀರಿಗಿಳಿದು ಮುಳುಗಲಿ. ಅದನ್ನು ಕಂಡು ಉಳಿದವರಿಗೆ ಹೊಳೆ ದಾಟುವ ಹಟ ಹುಟ್ಟುತ್ತದೆ, ಕತೆಗೂ ಬಲ ಬರುತ್ತದೆ ಎಂದ. ಗೆಳೆಯ ನಿಜವಾಗಿ ಸತ್ತದ್ದು ಹಾಗೆಯೇ ಎಂದು ಅವನಿಗೇನು ಗೊತ್ತು? ಮಾಸ್ತರ ಆ ದೃಶ್ಯವನ್ನು ತನ್ನ ಕೈಯಾರೆ ಬರೆದುಕೊಟ್ಟ.

ದೇವಸುಗೂರಿನ ಹತ್ತಿರ ಚಿತ್ರೀಕರಣವಾದಾಗ ಮಾಸ್ತರ ರಜೆ ಹಾಕಿ ಹೋದ. ಪಾತ್ರಕ್ಕೆ ಬಂದಿದ್ದ ವೆಂಕೋಬ ಎಂಬ ಹುಡುಗನಿಗೆ ಎಡಗಾಲು ಒಂಚೂರು ಎಳೆಯಬೇಕು, ಕಂಬಳಿ ಜಾರಿದಾಗ ಕೈಯಿಂದಲ್ಲ, ಭುಜ ಕುಣಿಸಿ ಮೇಲೇರಿಸಬೇಕು ಎಂದು ಅರ್ಧ ದಿನ ತಾನೇ ನಡೆದು ತೋರಿಸಿದ. ಕೊನೆಗೆ ವೆಂಕೋಬ ದಂಡೆಯ ಮೇಲೆ ನಡೆದು ಬಂದಾಗ ಮಾಸ್ತರ ಒಂದು ಬಂಡೆಯ ಹಿಂದೆ ಹೋಗಿ ಕೂತು ಅತ್ತ. ದುರುಗಪ್ಪನೇ ಬಂದಂತಿತ್ತು.

ಆಮೇಲೆ ಆತ ಮಾಡಿದ್ದು ಮಾತ್ರ ಅವನಂಥ ನಿಯತ್ತಿನ ಮನುಷ್ಯನೇ ಮಾಡುವ ತಪ್ಪು. ಸಿನಿಮಾದಲ್ಲಿ ಸತ್ತವನು ಪತ್ರಿಕೆಯಲ್ಲಿ ಬದುಕಿದ್ದರೆ ಓದುವ ಮಂದಿ ಯಾವುದನ್ನು ನಂಬಬೇಕು? ಒಬ್ಬ ಮನುಷ್ಯನಿಗೆ ಎರಡು ಗತಿ ಇರಬಾರದು ಎಂದುಕೊಂಡ. ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ. ಸಿನಿಮಾ ಬಿಡುಗಡೆಯಾಗುವ ವಾರದ ಪುಟದಲ್ಲಿ ದುರುಗಪ್ಪನನ್ನು ಮತ್ತೆ ಹೊಳೆಗೆ ಇಳಿಸಿದ. ಕೊನೆಯ ಚೌಕದಲ್ಲಿ ಬರೀ ನೀರು ಬರೆದ. ದೇವದುರ್ಗದಲ್ಲಿ ಯಂಕಣ್ಣ ಅದನ್ನು ಓದಿದಾಗ ಭೀಮವ್ವ ಎದೆ ಬಡಿದುಕೊಂಡು ಅತ್ತಳಂತೆ. ಹನ್ನೊಂದು ವರ್ಷ ಬರದ ಅಳು ಅವತ್ತು ಬಂದಿತಂತೆ.

ಎರಡು ದಿನದ ಮೇಲೆ ಅವಳು ರಾಯಚೂರಿಗೆ ಬಂದಳು, ಹೊಸ ಇಳಕಲ್ ಸೀರೆ ಉಟ್ಟುಕೊಂಡು. ಮಧ್ಯಾಹ್ನದ ಆಟ. ಮಾಸ್ತರ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಹೊಳೆಯ ದೃಶ್ಯ ಬರುವುದು ಇಂಟರ್‌ವಲ್ ಆದ ಮೇಲೆ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಹೇಳಿದ್ದ.

ಇಂಟರ್‌ವಲ್‌ನಲ್ಲಿ ಸಲಾವುದ್ದೀನ್ ಬಾಗಿಲ ಹೊರಗೆ ನಿಂತಿದ್ದ, ಮುಖ ಬಾಡಿತ್ತು. "ಮಾಸ್ತರ್, ಕೈ ಮೀರಿ ಹೋತ್ರೀ," ಎಂದ. ಸಿನಿಮಾ ಉದ್ದವಾಯಿತೆಂದು ಹಂಚಿಕೆದಾರರು ಹಟ ಹಿಡಿದು ಹನ್ನೆರಡು ನಿಮಿಷ ಕತ್ತರಿಸಿದ್ದರು. ಚಿಕ್ಕ ಪಾತ್ರಗಳ ದೃಶ್ಯಗಳೇ ಮೊದಲು ಹೋಗಿದ್ದವು, ದುರುಗಪ್ಪನದೂ. ಮೊದಲೇ ಪತ್ರ ಬರೆದು ತಿಳಿಸೋಣವೆಂದು ಕೂತರೆ ಕೈ ಏಳಲಿಲ್ಲ ಎಂದ. ಆ ತುಂಡು ಎಲ್ಲಿದೆ ಎಂದು ಮಾಸ್ತರ ಕೇಳಿದ್ದಕ್ಕೆ, ಮದ್ರಾಸಿನಲ್ಲಿ ಕತ್ತರಿಸಿದ್ದನ್ನು ಯಾರೂ ಎತ್ತಿಡುವುದಿಲ್ಲ, ಗುಡಿಸಿ ಹೊರಗೆ ಹಾಕುತ್ತಾರೆ ಎಂದು ನೆಲ ನೋಡಿದ.

ಮಾಸ್ತರ ಒಳಗೆ ಹೋಗಿ ಭೀಮವ್ವನ ಪಕ್ಕ ಕೂತ. ಪರದೆಯ ಮೇಲೆ ಹೊಳೆ ಬಂದಾಗ ಅವಳು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ನಾಲ್ವರು ನೀರಿಗಿಳಿದರು, ನಾಲ್ವರು ಆಚೆ ದಂಡೆಗೆ ಹತ್ತಿದರು. ಹೊಳೆ ಮುಗಿಯಿತು. ಅವಳು ಬಾಗಿಯೇ ಇದ್ದಳು. ಹಿಂಡು ಸಿಕ್ಕಿತು, ಜನ ಚಪ್ಪಾಳೆ ತಟ್ಟಿದರು, ದೀಪ ಹತ್ತಿತು. ಜನವೆಲ್ಲ ಎದ್ದು ಹೋದರೂ ಅವಳು ಏಳಲಿಲ್ಲ.

"ಇನ್ನೊಂದು ಆಟ ಅದಲ್ಲ ಕನಕಾ? ಕೂಡೋಣು," ಎಂದಳು. ಅವಳು ಅದುವರೆಗೆ ಕಂಡದ್ದು ಬಯಲಾಟ ಮಾತ್ರ. ವೇಷದವನಿಗೆ ಮೈ ನೆಟ್ಟಗಿಲ್ಲದಿದ್ದರೆ ಒಂದು ಆಟದಲ್ಲಿ ಆ ವೇಷ ಬರುವುದಿಲ್ಲ, ಮುಂದಿನ ಆಟದಲ್ಲಿ ಬರುತ್ತದೆ. "ಈ ಆಟದಾಗ ಬರಲಿಲ್ಲ. ಮುಂದಿನದರಾಗ ಬಂದಾನು."

ಸುಳ್ಳು ಹೇಳಿ ಇನ್ನೊಂದು ಆಟ ಕೂರಿಸಬಹುದಿತ್ತು. ಮಾಸ್ತರನಿಂದ ಆಗಲಿಲ್ಲ.

"ಬರಂಗಿಲ್ಲ ಯವ್ವಾ. ಯಾವ ಆಟದಾಗೂ ಬರಂಗಿಲ್ಲ. ಅವನ ನಡಿಗಿ ಸಿನಿಮಾದಾಗ ಹಿಡದಿದ್ರು, ನಾನೇ ಕಣ್ಣಾರೆ ನೋಡೀನಿ. ಆಮ್ಯಾಲ ಅದನ್ನ ಕತ್ತರಿಸಿಬಿಟ್ಟಾರ."

ಭೀಮವ್ವ ಖಾಲಿ ಪರದೆಯಿಂದ ಕಣ್ಣು ತೆಗೆದು ಮೆಲ್ಲಗೆ ಅವನ ಕೈ ಹಿಡಿದುಕೊಂಡಳು.

"ಕತ್ತರಿಸಿದ್ದು ಎಲ್ಲಿ ಇಟ್ಟಾರಪ್ಪ? ಈ ಸಲ ಹೊಳಿ ಒಯ್ದಿಲ್ಲಲ್ಲ. ಆ ತುಂಡಾದ್ರೂ ಕೊಡ್ತಾರೇನು ಕೇಳು, ಮಣ್ಣು ಮಾಡ್ತೀನಿ."